ತನಗೆ ತಾನೇ ಇಟ್ಟುಕೊಳ್ಳಲಾಗದ ಬೊಟ್ಟು

ಕ್ಯಾಮರಾದ ಬ್ಯಾಟರಿ ಹುಡುಕಲು ಹೋದವನಿಗೆ ಅಮ್ಮನ ಕಾಡಿಗೆ ಡಬ್ಬಿ ಸಿಕ್ಕಿತು. ನಮ್ಮ ಮನೆಯಲ್ಲಿ ಹುಡುಕಿದ್ದು ಸಿಗುವ ಪದ್ಧತಿಯೇ ಇಲ್ಲ. ಹುಡುಕದೆ ಇದ್ದದ್ದು ಸಿಗುತ್ತದೆ. ಹಿಂದೊಮ್ಮೆ ಉಗುರು ಕತ್ತರಿಸುವ ಕಟರ್ ಹುಡುಕುವಾಗ ನನ್ನ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಸಿಕ್ಕಿ, ಅದು ನನ್ನ ಹೆಂಡತಿಯ ಕೈಗೆ ಹೋಗಿ, ಆ ವಾರವೆಲ್ಲ ನಾನು ಮನೆಯಲ್ಲಿ ತಲೆಯೆತ್ತಿ ಓಡಾಡುವಂತಿರಲಿಲ್ಲ. ಈ ಸಲದ್ದು ಅಂಥದ್ದಲ್ಲ. ಹೆಬ್ಬೆರಳಿನಷ್ಟು ಎತ್ತರದ ಹಿತ್ತಾಳೆ ಡಬ್ಬಿ. ಮುಚ್ಚಳ ತೆಗೆದರೆ ತಳದಲ್ಲಿ ಒಣಗಿ ಬಿರುಕು ಬಿಟ್ಟ ಕಪ್ಪು, ಅದರ ಮೇಲೆ ಬೆರಳು ಎಳೆದ ಒಂದು ಗೀರು. ಅಮ್ಮ ಹೋಗಿ ಕೆಲವು ವರ್ಷಗಳಾದವು. ಗೀರು ಹಾಗೇ ಇತ್ತು.

ಬ್ಯಾಟರಿ ಬೇಕಾಗಿದ್ದು ನನ್ನ ಫೋಟೋ ನಾನೇ ತೆಗೆದುಕೊಳ್ಳುವುದಕ್ಕೆ. ಈ ವಯಸ್ಸಿನಲ್ಲಿ ಇದೇನು ಹುಚ್ಚು ಎನ್ನಬೇಡಿ. ಊರಿನ ಫೋಟೋಗ್ರಾಫರುಗಳೆಲ್ಲ ಸೇರಿ ಒಂದು ಪ್ರದರ್ಶನ ಮಾಡುವುದೆಂದು ತೀರ್ಮಾನವಾಗಿತ್ತು. ಅದನ್ನು ತಲೆಯ ಮೇಲೆ ಹೊತ್ತುಕೊಂಡವಳು ಶೈಲಜಾ ಎಂಬ ಹುಡುಗಿ. ಕಾಡುಪ್ರಾಣಿಗಳ ಫೋಟೋ ತೆಗೆಯುವವಳು; ಆದ್ದರಿಂದ ಯಾರು ಎಷ್ಟು ಹೊತ್ತು ಪೊದೆಯಲ್ಲಿ ಅಡಗಿದರೂ ಬಿಡುವವಳಲ್ಲ. ದಿನಾ ಫೋನು.

"ಸರ್, ನಿಮ್ಮದೊಂದೇ ಬಾಕಿ. ನಿಮ್ಮನ್ನ ನೀವೇ ತೆಗೀಬೇಕು, ಬೇರೆಯವರು ಬಟನ್ ಒತ್ತೋ ಹಾಗಿಲ್ಲ. ನಿಮ್ಮ ನಂಬಿಕೆ ಏನು, ಅದಕ್ಕೆ ನಿಮ್ಮದೇ ಆದ ಒಂದು ಸಂಕೇತ ಇರತ್ತಲ್ಲ, ಅದು ಫೋಟೋದಲ್ಲಿ ಕಾಣ್ಬೇಕು ಸರ್."

ಬೋಗಾದಿಯ ಬಸ್‌ಸ್ಟಾಪಿನ ಎದುರು ಸ್ಟುಡಿಯೋ ಇಟ್ಟುಕೊಂಡು, ಕಾಲೇಜು ಮಕ್ಕಳಿಗೆ "ಗದ್ದ ಸ್ವಲ್ಪ ಕೆಳಗೆ, ಕಣ್ಣು ಮಿಟುಕಿಸಬೇಡಿ" ಎನ್ನುತ್ತ ಪಾಸ್‌ಪೋರ್ಟ್ ಫೋಟೋ ತೆಗೆಯುವವನಿಗೆ ಸಂಕೇತ ಎಲ್ಲಿಂದ ಬರಬೇಕು? ಉಳಿದವರು ಏನು ಮಾಡಿದ್ದಾರೆಂದು ವಿಚಾರಿಸಿದೆ. ಒಬ್ಬರು ಒಡೆದ ಕನ್ನಡಿಯ ಮುಂದೆ ನಿಂತಿದ್ದರಂತೆ. ಇನ್ನೊಬ್ಬರು ಕೆರೆಯಲ್ಲಿ ಕುತ್ತಿಗೆಯವರೆಗೆ ಮುಳುಗಿ, ತಲೆಯ ಮೇಲೆ ತಾವರೆ ಇಟ್ಟುಕೊಂಡು, ನೆಗಡಿ ಹಿಡಿಸಿಕೊಂಡಿದ್ದರು. ನಾನೂ ಪ್ರಯತ್ನ ಮಾಡದೆ ಇರಲಿಲ್ಲ. ಹಳೆಯ ಕ್ಯಾಮರಾ ಎದೆಗೆ ಅವುಚಿಕೊಂಡು ಕೂತೆ. ಗಿರವಿ ಅಂಗಡಿಗೆ ಬಂದವನ ಹಾಗೆ ಕಂಡೆ. ಅರ್ಧ ಮುಖಕ್ಕೆ ಬೆಳಕು, ಅರ್ಧಕ್ಕೆ ಕತ್ತಲೆ ಮಾಡಿದೆ. ಕತ್ತಲೆಯ ಅರ್ಧವೇ ಚೆನ್ನಾಗಿತ್ತು. ಟೈಮರಿನ ಕೆಂಪು ದೀಪ ಮಿನುಗತೊಡಗಿದರೆ ಸಾಕು, ಇಂಜೆಕ್ಷನ್‌ಗೆ ತೋಳು ಮಡಿಸಿ ಕೂತವನ ಮುಖ ಬಂದುಬಿಡುತ್ತಿತ್ತು. ಇಷ್ಟು ವರ್ಷ ಜನರನ್ನು ಎಂಥ ಕಷ್ಟಕ್ಕೆ ಕೂರಿಸಿದ್ದೇನೆ ಎಂದು ಆಗ ಗೊತ್ತಾಯಿತು. ಅಷ್ಟರಲ್ಲಿ ಬ್ಯಾಟರಿ ಮುಗಿಯಿತು. ಹುಡುಕಲು ಎದ್ದೆ. ಡಬ್ಬಿ ಸಿಕ್ಕಿತು.

ಅಮ್ಮ ಕಾಡಿಗೆಯನ್ನು ಅಂಗಡಿಯಿಂದ ತಂದವಳಲ್ಲ. ಹರಳೆಣ್ಣೆ ದೀಪ ಹಚ್ಚಿ, ಅದರ ಮೇಲೆ ಕಂಚಿನ ತಟ್ಟೆ ಬೋರಲು ಹಾಕಿ, ಕಟ್ಟಿದ ಮಸಿಯನ್ನು ಕೆರೆದು, ಮತ್ತೆ ಹರಳೆಣ್ಣೆಯಲ್ಲೇ ಕಲಸಿ ತುಂಬಿಡುತ್ತಿದ್ದಳು. ಅದು ಅವಳ ಕಣ್ಣಿಗಿಂತ ಹೆಚ್ಚಾಗಿ ಖರ್ಚಾಗುತ್ತಿದ್ದುದು ನನ್ನ ದೃಷ್ಟಿಬೊಟ್ಟಿಗೆ. ಆದರೆ ಒಂದು ತೊಡಕಿತ್ತು. ಆ ತೊಡಕು ನಮ್ಮಪ್ಪ.

ಅಪ್ಪ ನಂಜನಗೂಡಿನ ಕಡೆಯ ಹಳ್ಳಿಯಿಂದ ಬಂದು, ಮೈಸೂರಿನ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿದ್ದವರು. ಯಾವ ದೇವರ ಬಾಗಿಲು ತನಗೆ ತೆರೆಯಲಿಲ್ಲವೋ ಆ ದೇವರ ಗೊಡವೆ ತನಗೂ ಬೇಡ ಎಂದು, ನಾನು ಹುಟ್ಟುವುದಕ್ಕೆ ಮುಂಚೆಯೇ ಬುದ್ಧನ ಕಡೆ ಬಂದಿದ್ದರು. ಮನೆಯಲ್ಲಿ ಇದ್ದದ್ದು ಬುದ್ಧನ ಪಟವೊಂದೇ. ಹುಣ್ಣಿಮೆಗೊಂದು ಮೇಣದ ಬತ್ತಿ. ತಾಯಿತ, ಅಂತ್ರ, ನಿಂಬೆಹಣ್ಣು, ದೃಷ್ಟಿ ತೆಗೆಯುವುದು, ಇವು ಯಾವುವೂ ಹೊಸ್ತಿಲು ದಾಟುವಂತಿರಲಿಲ್ಲ. ಅಮ್ಮನೂ ಅವರ ಜೊತೆಗೇ ಬಂದವಳು. ಮಾರಮ್ಮನನ್ನು ಬಿಟ್ಟಳು, ಹರಕೆ ಬಿಟ್ಟಳು, ಉಪವಾಸ ಬಿಟ್ಟಳು. ಬೊಟ್ಟೊಂದನ್ನು ಬಿಡಲಿಲ್ಲ.

ಈ ಬೊಟ್ಟಿನ ಮೇಲೆ ಅವರಿಬ್ಬರಿಗೆ ನಡೆದ ಒಂದು ಜಗಳ ನನಗೆ ಚೆನ್ನಾಗಿ ನೆನಪಿದೆ. ಆಗ ಒಂಟಿಕೊಪ್ಪಲಿನ ಸಾಲುಮನೆಯೊಂದರಲ್ಲಿದ್ದೆವು. ನನ್ನ ಕೆನ್ನೆಯ ಮೇಲಿನ ಬೊಟ್ಟನ್ನು ಅಪ್ಪ ಅಂಗೈಯಿಂದ ಒರೆಸಿ ಕೇಳಿದರು:

"ಅಲ್ಲ ಕಣಮ್ಮಿ, ನಮ್ಮಂಥೋರ್ ಮಗುನ ನೋಡಿ ಯಾವನು ಹೊಟ್ಟೆಕಿಚ್ಚು ಪಟ್ಟಾನು? ನಮ್ಮ ನೆಳ್ಳು ಬಿದ್ರೆ ಪಕ್ಕಕ್ಕೆ ಸರಿಯೋರ ಕಣ್ಣು ನಮ್ಗೆ ತಾಗ್ತದಾ?"

ಅಮ್ಮ ರೊಟ್ಟಿ ತಟ್ಟುತ್ತಿದ್ದಳು. ಕೈ ನಿಲ್ಲಿಸಲಿಲ್ಲ. "ಪಡೋ ದಿನ ಬತ್ತದೆ," ಅಂದಳು. "ಬಂದಾಗ ನಾನ್ ಇರ್ತೀನೋ ಇಲ್ವೋ. ಅದಕ್ಕೇ ಈಗ್ಲೇ ಇಡ್ತಾ ಇವ್ನಿ."

ಮಾತಿನಲ್ಲಿ ಸೋತಾಗಲೆಲ್ಲ ಅಪ್ಪ ಸೈಕಲ್ ಒರೆಸಲು ಹೊರಗೆ ಹೋಗುತ್ತಿದ್ದರು, ಅವತ್ತೂ ಹೋದರು. ಆದರೆ ಮಾರನೆಯ ದಿನದಿಂದ ನನ್ನ ಕೆನ್ನೆ ಸ್ವಚ್ಛವಾಯಿತು. ಬೊಟ್ಟು ಅಂಗಾಲಿಗೆ ಇಳಿಯಿತು.

ಹೌದು, ಅಂಗಾಲಿಗೆ. ಬಲಗಾಲಿನ ಅಡಿಯಲ್ಲಿ, ಹೆಬ್ಬೆರಳಿನ ಬುಡದ ಗುಳಿಯಲ್ಲಿ. ಅಪ್ಪ ಕೆಲಸಕ್ಕೆ ಹೋದ ಮೇಲೆ ಅಮ್ಮ ನನ್ನನ್ನು ಗೋಡೆಗೆ ಒರಗಿಸಿ, ಕಾಲೆತ್ತಿ ಹಿಡಿದು ಇಡುತ್ತಿದ್ದಳು. ಕಚಗುಳಿಗೆ ನಾನು ನೆಗೆದಾಡುತ್ತಿದ್ದೆ. "ನಿಲ್ಲು ಕಣೋ, ಒಂದ್ ಗಳ್ಗೆ ನಿಲ್ಲು," ಎನ್ನುತ್ತಿದ್ದಳು. ಕುದುರೆಗೆ ಲಾಳ ಹೊಡೆಯುವವನಿಗೂ ಅಷ್ಟು ಕಷ್ಟ ಇರಲಾರದು. ನನ್ನ ಬಾಲ್ಯದ ಒಂದೇ ಒಂದು ಸ್ಟುಡಿಯೋ ಫೋಟೋ ಇದೆ. ಬೆತ್ತದ ಕುರ್ಚಿಯಲ್ಲಿ ಕಾಲು ಇಳಿಬಿಟ್ಟು, ಯಾರೋ ಬೈದ ಹಾಗೆ ಮುಖ ಮಾಡಿಕೊಂಡು ಕೂತಿದ್ದೇನೆ. ಕೆನ್ನೆಯ ಮೇಲೆ ಏನೂ ಇಲ್ಲ. ನೋಡಿದವರೆಲ್ಲ, "ನಿಮ್ಮಪ್ಪ ಆಗಿನ ಕಾಲಕ್ಕೇ ಎಷ್ಟು ಮುಂದುವರಿದಿದ್ದರು" ಎನ್ನುತ್ತಾರೆ. ಅಂಗಾಲು ಕ್ಯಾಮರಾಗೆ ಕಾಣುವುದಿಲ್ಲವಲ್ಲ.

ದೊಡ್ಡವನಾದ ಮೇಲೆ ನಾನು ಹೊಟ್ಟೆಪಾಡಿಗೆ ಹಿಡಿದ ಕೆಲಸವೇ ಬೊಟ್ಟು ಅಳಿಸುವುದಾಯಿತು ನೋಡಿ. ಕೃಷ್ಣಮೂರ್ತಿಪುರಂನ ಸ್ಟುಡಿಯೋ ಒಂದರಲ್ಲಿ ಟಚಪ್ ಕೆಲಸಕ್ಕೆ ಸೇರಿದೆ. ಮೊಡವೆ, ಮಚ್ಚೆ, ಸಿಡುಬಿನ ಕಲೆ, ಕಪ್ಪಗೆ ಕಂಡದ್ದನ್ನೆಲ್ಲ ತೆಗೆಯುವುದು. ಮೊದಲು ಪೆನ್ಸಿಲ್ಲು, ಆಮೇಲೆ ಕಂಪ್ಯೂಟರು. ಕೈಗೆ ಎಂಥ ಅಭ್ಯಾಸವಾಯಿತೆಂದರೆ ತಲೆಯನ್ನು ಕೇಳದೆಯೇ ಅದು ಕೆಲಸ ಮಾಡುತ್ತಿತ್ತು. ಒಮ್ಮೆ ಒಂದು ಮಗುವಿನ ಮೊದಲ ವರ್ಷದ ಫೋಟೋ. ದೊಡ್ಡ ಸೈಜಿನಲ್ಲಿ ಮಾಡಿ, ಚೆಂದ ಚೌಕಟ್ಟು ಹಾಕಿ ಕೊಟ್ಟೆ. ಮಗುವಿನ ಅಜ್ಜಿ ಕನ್ನಡಕ ಏರಿಸಿ ನೋಡಿ, ಅಂಗಡಿಯೇ ನಡುಗುವ ಹಾಗೆ ಕೇಳಿದರು:

"ಬೊಟ್ಟೆಲ್ರೀ? ನಮ್ಮ ಮಗೂಗೆ ನಾನೇ ಇಟ್ಟ ಬೊಟ್ಟೆಲ್ರೀ?"

"ಕಲೆ ಅಂದ್ಕೊಂಡೆ ಅಮ್ಮ..."

"ಕಲೆಯಂತೆ ಕಲೆ! ಊರೋರೆಲ್ಲ ನೋಡೋ ಗೋಡೆ ಮೇಲೆ ಮಗೂನ ಬೋಳು ಕೆನ್ನೆಲಿ ನೇತಾಕ್ಲಾ?"

ಇದನ್ನು ಮನೆಗೆ ಬಂದು ಹೇಳಿದಾಗ ಅಮ್ಮ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆದರೆ ನಕ್ಕಾದ ಮೇಲೆ, "ಇನ್ನೊಂದು ಮಾಡ್ಕೊಟ್ಯಾ?" ಎಂದು ಕೇಳಿದಳು. ಕೊಟ್ಟೆ ಎಂದ ಮೇಲೆಯೇ ತಟ್ಟೆ ಹಾಕಿದ್ದು.

ಸ್ವಂತ ಸ್ಟುಡಿಯೋ ಮಾಡಿದ ವರ್ಷ ಆಯುಧಪೂಜೆಗೆ ಅಮ್ಮ ಅಪ್ಪನಿಗೆ ಹೇಳದೆ ಬಂದಿದ್ದಳು. ಬಿಟ್ಟೆ ಎಂದ ಪಟ್ಟಿಯಲ್ಲಿ ಆಯುಧಪೂಜೆ ಇರಲಿಲ್ಲವಂತೆ. ಕ್ಯಾಮರಾಕ್ಕೆ ಧಾರಾಳವಾಗಿ ಕುಂಕುಮ ಹಚ್ಚಿದಳು. ಒಂದು ಕಣ ಹೇಗೋ ಒಳಗೆ ಸೇರಿಕೊಂಡುಬಿಟ್ಟಿತು. ಆ ಸಲದ ಮದುವೆಗಳಲ್ಲಿ ತೆಗೆದ ಪ್ರತಿ ಫೋಟೋದಲ್ಲೂ ಒಂದೇ ಜಾಗದಲ್ಲಿ ಒಂದು ಕಪ್ಪು ಚುಕ್ಕೆ. ಒಂದೊಂದನ್ನೂ ಅಳಿಸಿ ಅಳಿಸಿ ಬೆರಳು ನೋಯುತ್ತಿತ್ತು. ಸಿಟ್ಟಿನಿಂದ ಅಮ್ಮನಿಗೆ ಹೇಳಿದೆ. "ಒಳ್ಳೇದೇ ಆಯ್ತಲ್ಲ ಬುಡು, ಎಲ್ಲಾ ಮದ್ವೆಗೂ ಬೊಟ್ಟಿಟ್ಟಂಗಾಯ್ತು," ಅಂದಳು.

ಇವೆಲ್ಲ ಡಬ್ಬಿ ಹಿಡಿದು ನಿಂತಾಗ ಒಂದರ ಹಿಂದೆ ಒಂದು ಬಂದವು. ಶೈಲಜಾ ಕೇಳಿದ ಸಂಕೇತ ಇದೇ ಎಂದು ಆಗಲೇ ನಿಶ್ಚಯವಾಯಿತು. ದೃಷ್ಟಿ ತಾಗುತ್ತದೆ ಎಂಬುದನ್ನು ನಾನು ನಂಬುವುದಿಲ್ಲ. ಆ ವಿಷಯದಲ್ಲಿ ನಾನು ಅಪ್ಪನ ಮಗ. ಆದರೆ ಈ ಮಗನಿಗೆ ದೃಷ್ಟಿ ತಾಗಬಹುದು, ಇವನು ಅಷ್ಟು ಬೆಲೆಯುಳ್ಳವನು ಎಂದು ನಂಬಿದ್ದ ಒಬ್ಬಳನ್ನು ನಂಬುತ್ತೇನೆ. ನನ್ನ ಧರ್ಮ ಅಷ್ಟೇ. ಅದು ಇಷ್ಟು ವರ್ಷ ಅಂಗಾಲಿನಲ್ಲಿತ್ತು. ಒಮ್ಮೆಯಾದರೂ ಮುಖಕ್ಕೆ ಬರಲಿ ಎನ್ನಿಸಿತು.

ಒಣಗಿದ ಕಾಡಿಗೆಗೆ ನಾಲ್ಕು ಹನಿ ಹರಳೆಣ್ಣೆ ಬಿಟ್ಟು ಕಡ್ಡಿಯಿಂದ ಕಲಸಿದೆ. ಸ್ವಲ್ಪ ಹೊತ್ತಿಗೆ ಕಪ್ಪು ಮಿನುಗಿತು. ಕನ್ನಡಿಯ ಮುಂದೆ ನಿಂತು ಬೆರಳು ಅದ್ದಿದೆ. ಕೆನ್ನೆಯ ಹತ್ತಿರ ಹೋದ ಬೆರಳು ಅಲ್ಲೇ ನಿಂತಿತು. ತನಗೆ ತಾನೇ ದೃಷ್ಟಿಬೊಟ್ಟು ಇಟ್ಟುಕೊಳ್ಳುವವರನ್ನು ನೀವು ಕಂಡಿದ್ದೀರಾ? ಅಯ್ಯೋ, ನಾನೆಷ್ಟು ಚೆನ್ನಾಗಿದ್ದೇನೆ, ನನಗೆ ಕಣ್ಣು ಬಿದ್ದೀತು ಎಂದು! ಕೈ ಒರೆಸಿಕೊಂಡು ಹೆಂಡತಿಯನ್ನು ಕರೆದೆ. ಅವಳು ನನ್ನ ಮುಖವನ್ನೂ ಡಬ್ಬಿಯನ್ನೂ ನೋಡಿದಳು. ನಗುತ್ತಾಳೆಂದುಕೊಂಡೆ, ನಗಲಿಲ್ಲ. "ಇದನ್ನ ದೊಡ್ಡೋರು ಇಡ್ಬೇಕು ಕಣ್ರೀ. ನನ್ನ ಕೈಲಿ ಆಗೋದಲ್ಲ," ಅಂದಳು.

ನನಗೆ ದೊಡ್ಡವರು ಎಂದು ಭೂಮಿಯ ಮೇಲೆ ಉಳಿದಿದ್ದವರು ಒಬ್ಬರೇ. ಅವರು ಜಗಲಿಯಲ್ಲಿ ಕೂತು, ಎದುರಿನ ಹೊಸ ಕಟ್ಟಡಕ್ಕೆ ಕಲ್ಲುಮರಳು ಇಳಿಸುವ ಲಾರಿಯನ್ನು ನೋಡುತ್ತಿದ್ದರು.

ಅಪ್ಪನಿಗೆ ಈಗ ಎಂಬತ್ತು ದಾಟಿದೆ. ಕಣ್ಣು ಮಂಜು, ಮಂಡಿ ನೋವು, ನಾಲಿಗೆ ಮಾತ್ರ ಹರಿತ. ಡಬ್ಬಿಯನ್ನು ಅವರ ಮುಂದೆ ಹಿಡಿದು ವಿಷಯ ಹೇಳುವಾಗ, ಬೈಸಿಕೊಳ್ಳಲು ಸಿದ್ಧನಾಗಿಯೇ ಇದ್ದೆ. ಅವರು ಬೈಯಲಿಲ್ಲ. ಡಬ್ಬಿಯನ್ನು ಕೈಯಲ್ಲಿ ತಿರುಗಿಸಿ ನೋಡಿದರು.

"ಇದು ಇನ್ನೂ ಐತಾ?"

"ನಿಮಗೆ ಗೊತ್ತಿತ್ತಾ ಇದು? ನಿಮ್ಗೆ ಗೊತ್ತಾಗಬಾರದು ಅಂತ ಅಮ್ಮ ನಂಗೆ ಅಂಗಾಲಿಗೆ ಇಡ್ತಿದ್ಲು."

"ಸಾಯಂಕಾಲ ನಲ್ಲಿತಾವ ನಿನ್ ಕಾಲ್ ತೊಳೀತಿದ್ದೋನು ಯಾರ್ಲಾ?" ಅಂದರು ಅಪ್ಪ. "ಮಣ್ಣಿನ್ ಜೊತೆಗೆ ಅದ್ನೂ ತೊಳೀತಿದ್ದೆ. ಬೆಳಿಗ್ಗೆ ಅವ್ಳು ಇಡೋಳು, ಸಾಯಂಕಾಲ ನಾನ್ ತೊಳೆಯೋನು. ಒಂದ್ ದಿನಾನೂ ನಾನ್ ಕೇಳ್ಲಿಲ್ಲ, ಅವ್ಳೂ ಏಳ್ಲಿಲ್ಲ."

ಅವರು ಒಳಗೆ, ನಡುಮನೆಯ ಗೋಡೆಯ ಕಡೆ ನೋಡಿದರು. ಅಲ್ಲಿ ಅಮ್ಮನ ಫೋಟೋ ಇದೆ. ಈ ಮನೆಗೆ ಬಂದ ದಿನ ನಾನೇ ತೆಗೆದದ್ದು. ಹಸಿರು ರೇಷ್ಮೆ ಸೀರೆ, ಹಿಂದೆ ಸುಣ್ಣದ ವಾಸನೆ ಆರದ ಗೋಡೆ, ಬಾಯ್ತುಂಬ ನಗು. ನಾನು ತೆಗೆದ ಫೋಟೋಗಳಲ್ಲೆಲ್ಲ ಅದೇ ಚೆನ್ನಾಗಿರುವುದು. ಅದಕ್ಕೇ ಹಾರ ಹಾಕುವ ದಿನ ಬಂದಾಗ ಬೇರೆ ಹುಡುಕಲಿಲ್ಲ.

"ಅವತ್ತು ಅವ್ಳು ಯಾಕ್ ನಕ್ಳು ಗೊತ್ತಾ ನಿಂಗೆ?" ಅಂದರು ಅಪ್ಪ. "ನೀನು ಆ ಕಡೆ ಕ್ಯಾಮರಾ ಜೋಡಿಸ್ತಾ ಇದ್ದೆ. ನೆಂಟ್ರೆಲ್ಲ ಬಂದಿದ್ರು, ಸ್ವಂತ ಮನೆ ಅಂತ. ಅವ್ಳು ನನ್ ಕಿವಿಲಿ ಅಂದ್ಳು, 'ಇವತ್ತು ಎಲ್ರ ಕಣ್ಣೂ ನಮ್ ಮೇಲೇ ಐತೆ ಕಣ್ರೀ, ನಂಗೊಂದು ಬೊಟ್ಟಿಡಿ' ಅಂತ. ಅದೇ ಮೊದಲ್ನೇ ಸಲ ಕೇಳಿದ್ದು ಕಣ್ಲಾ, ತನಗೆ ಅಂತ. ನಾನು ನಕ್ಬುಟ್ಟೆ. 'ಮುದುಕಿಗೆ ಯಾರ್ ಕಣ್ ಬಿದ್ದೀತು, ಓಗು' ಅಂದೆ. ಪಾಪ, ಅವ್ಳೂ ನಕ್ಳು. ನೀನು ಕ್ಲಿಕ್ ಅನ್ಸ್ದೆ."

ಲಾರಿಯ ಜಲ್ಲಿ ಇಳಿದು ಧೂಳು ಎದ್ದಿತು. ಅಪ್ಪ ಟವಲಿನಿಂದ ಮೂಗು ಮುಚ್ಚಿಕೊಂಡರು. ಆಮೇಲೆ ಟವಲಿನ ಒಳಗಿಂದಲೇ ಮಾತಾಡಿದರು.

"ಇಟ್ಟಿದ್ರೆ ಉಳ್ಕೊತಿದ್ಲು ಅಂತ ನಾನೇನೂ ಅನ್ನಾಕಿಲ್ಲ. ಅದ್ನೆಲ್ಲ ನಂಬೋನಲ್ಲ ನಾನು. ಆದ್ರೆ ಇಟ್ಟಿದ್ರೆ ನನ್ ಗಂಟೇನ್ಲಾ ಓಗ್ತಿತ್ತು?"

ನನ್ನ ಹೆಮ್ಮೆಯ ಆ ಫೋಟೋವನ್ನು ನಾನು ಎಷ್ಟು ಜನಕ್ಕೆ ತೋರಿಸಿದ್ದೇನೋ. ಬೆಳಕು ನೋಡಿ, ಕಣ್ಣಿನ ಹೊಳಪು ನೋಡಿ ಎಂದು. ಒಬ್ಬ ಹೆಂಗಸು ಕೇಳಿದ್ದು ಸಿಗದೆ, ಸಿಗದಿದ್ದಕ್ಕೆ ನಾಚಿಕೊಂಡು ನಗುವುದನ್ನು ಅಷ್ಟು ಹತ್ತಿರದಿಂದ ನೋಡಿಯೂ ನನಗೆ ಕಾಣಲಿಲ್ಲವಲ್ಲ. ತುಂಬಾ ಸಂಕಟವಾಯಿತು. ಇನ್ನು ಅದನ್ನು ಮೊದಲಿನ ಹಾಗೆ ನೋಡಲು ಆಗುವುದಿಲ್ಲ.

ಅಪ್ಪ ಎದ್ದು ಬಂದರು. ನಾನು ಸ್ಟೂಲಿನ ಮೇಲೆ ಕೂತೆ. ಕಬ್ಬಿಣದ ಜೊತೆ ಬದುಕಿದ ಬೆರಳು ಅದು. ಉಗುರೇ ಒಂದು ರೂಪಾಯಿ ಅಗಲ. ಡಬ್ಬಿಯೊಳಗೆ ಹೋಗಲೊಲ್ಲದು. ಕಡೆಗೆ ಕಿರುಬೆರಳು ಅದ್ದಿ, ಇನ್ನೊಂದು ಕೈಯಿಂದ ನನ್ನ ಗದ್ದ ಹಿಡಿದು, ಮುಖವನ್ನು ಬೆಳಕಿಗೆ ತಿರುಗಿಸಿ ಬಲಗೆನ್ನೆಗೆ ಒತ್ತಿದರು. ಹುಣಿಸೆ ಬೀಜದಷ್ಟಾಯಿತು. ಅಂಗಡಿಯಿಂದ ತರಿಸಿದ ಹೊಸ ಬ್ಯಾಟರಿ ಹಾಕಿ, ನಾನು ಬಟನ್ ಒತ್ತಿ ಬಂದು ಕೂತೆ. ಟೈಮರ್ ಮಿನುಗಿತು. ಈ ಸಲ ಇಂಜೆಕ್ಷನ್ನಿನ ಮುಖ ಬರಲಿಲ್ಲ. ಐವತ್ತು ದಾಟಿದ, ನೆರೆತ ಮೀಸೆಯ, ಕೆನ್ನೆಯಲ್ಲಿ ಕಪ್ಪು ಬೊಟ್ಟಿನ ಒಂದು ಕೂಸು ಬಂತು. ಅದನ್ನೇ ಶೈಲಜಾಗೆ ಕಳಿಸಿದೆ. ಕೆಳಗೆ ಒಂದು ಸಾಲು ಬರೆದೆ: "ಬೊಟ್ಟು ಇಟ್ಟವರು, ನನ್ನ ಅಪ್ಪ."

ಪ್ರದರ್ಶನದ ದಿನ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋದೆ. ಅಪ್ಪನಿಗೆ ಮೆಟ್ಟಿಲು ಆಗುವುದಿಲ್ಲ, ಬರಲಿಲ್ಲ. ತಾವರೆಯವರ ಪಕ್ಕದಲ್ಲೇ ನನ್ನದು ನೇತಾಡುತ್ತಿತ್ತು. ಅದರ ಮುಂದೆ ಒಂದಿಬ್ಬರು ಕುತ್ತಿಗೆ ಕೊಂಕಿಸಿ ನಿಂತಿದ್ದರು. ನನ್ನನ್ನು ನೋಡಿ ಗುರುತು ಹಿಡಿದು ಕೇಳಿದರು: "ಎಲ್ಲಿ ಸರ್ ಬೊಟ್ಟು?"

ನೋಡಿದೆ. ನೆರೆತ ಮೀಸೆ ಇತ್ತು. ಕಣ್ಣ ಕೆಳಗಿನ ಚೀಲವೂ ಇತ್ತು. ಕೆನ್ನೆ ತೊಳೆದಿಟ್ಟ ಹಾಗಿತ್ತು. ಅದರ ಕೆಳಗೆ ಅಚ್ಚುಕಟ್ಟಾಗಿ, "ಬೊಟ್ಟು ಇಟ್ಟವರು, ನನ್ನ ಅಪ್ಪ."

ಶೈಲಜಾ ಗಾಬರಿಯಿಂದ ಪ್ರಿಂಟ್ ಹಾಕಿದವನಿಗೆ ಫೋನು ಮಾಡಿ ನನ್ನ ಕೈಗೇ ಕೊಟ್ಟಳು. ಒಳ್ಳೆಯ ಹುಡುಗ, ಖುಷಿಯಾಗಿಯೇ ಹೇಳಿದ: "ಹೂಂ ಸರ್, ಕೆನ್ನೆ ಮೇಲೆ ಒಂದು ದೊಡ್ಡ ಕಲೆ ಬಂದ್ಬುಟ್ಟಿತ್ತು. ನಾನೇ ನೀಟಾಗಿ ತೆಗ್ದುಬುಟ್ಟೆ. ಗೊತ್ತಾಗ್ತಾನೇ ಇಲ್ಲ ಅಲ್ವಾ ಸರ್?"

"ಗೊತ್ತಾಗ್ತಾನೇ ಇಲ್ಲ ಕಣಪ್ಪ," ಅಂದೆ. ಬೈಯಲು ಬಾಯಿ ಬರಲಿಲ್ಲ. ಆ ಕೈಯ ಅಭ್ಯಾಸ ನನಗೆ ಗೊತ್ತಿಲ್ಲವೇ? ಬೈಯುವ ಹಕ್ಕಿದ್ದದ್ದು ಆ ಅಜ್ಜಿಗೆ.

ಹೊಸ ಪ್ರಿಂಟ್ ಮಾಡಿಸಿದ ಮೇಲೆಯೇ ಅಪ್ಪನಿಗೆ ತೋರಿಸುವುದು ಎಂದುಕೊಂಡಿದ್ದೆ. ಅಷ್ಟರಲ್ಲಿ ಪ್ರದರ್ಶನ ಮುಗಿದು, ಶೈಲಜಾ ಚೌಕಟ್ಟನ್ನು ತಾನೇ ಮನೆಗೆ ತಂದು, ಬಾಗಿಲಲ್ಲಿದ್ದ ಅಪ್ಪನ ಕೈಗೆ ಕೊಟ್ಟು ಹೋಗಿದ್ದಳು. ನಾನು ಬರುವಾಗ ಅವರು ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಗಾಜಿನ ಮೇಲೆ ಕೈಯಾಡಿಸುತ್ತಿದ್ದರು.

"ಅಳ್ಸೋಗೈತಲ್ಲೋ."

"ಅಂಗಡಿಯೋನು ಕಲೆ ಅಂದ್ಕೊಂಡು ತೆಗೆದ್ಬಿಟ್ಟ ಅಪ್ಪ. ಬೇರೆ ಹಾಕಿಸ್ತೀನಿ."

"ಓಗ್ಲಿ ಬುಡು. ನಿಂಗ್ ಇಟ್ಟಿದ್ದು ನಂಗೊತ್ತು, ನಿಂಗೊತ್ತು." ಚೌಕಟ್ಟನ್ನು ತೊಡೆಯಿಂದ ಪಕ್ಕಕ್ಕಿಟ್ಟು, "ಆ ಡಬ್ಬಿ ಎಲ್ಲಿಟ್ಟೆ?" ಅಂದರು.

ತಂದುಕೊಟ್ಟೆ. ಗಾಜಿನ ಮೇಲೆಯೇ ಇಡುತ್ತಾರೆಂದುಕೊಂಡು ಚೌಕಟ್ಟನ್ನು ಒರೆಸಿ ಅವರ ಕಡೆಗೆ ಓರೆ ಮಾಡಿ ಹಿಡಿದೆ. ಅವರು ಗೋಡೆ ಹಿಡಿದುಕೊಂಡು ನನ್ನನ್ನು ದಾಟಿ ಹೋದರು. ಅಮ್ಮನ ಫೋಟೋದ ಮುಂದೆ ನಿಂತು, ಹಾರವನ್ನು ಒಂದು ಪಕ್ಕಕ್ಕೆ ಸರಿಸಿದರು.

"ಅಪ್ಪ, ಹೋದೋರಿಗೆ ಇಡೋದಿಲ್ಲ..." ಅಂದೆ.

"ಗೊತ್ತು, ಸುಮ್ಕಿರ್ಲಾ," ಅಂದರು.

ಕಿರುಬೆರಳು ಅದ್ದಿ, ನಗುತ್ತಿದ್ದ ಕೆನ್ನೆಯ ಮೇಲೆ ಒತ್ತಿದರು. ನಾನು ಹರಳೆಣ್ಣೆ ಹೆಚ್ಚು ಹಾಕಿಬಿಟ್ಟಿದ್ದೆ. ಬೊಟ್ಟು ಗಾಜಿನ ಮೇಲೆ ನಿಲ್ಲದೆ ಮೆಲ್ಲಗೆ ಕೆಳಗೆ ಜಾರಿತು. ಅಪ್ಪ ಅದನ್ನು ಬೆರಳಿನಿಂದ ಮೇಲಕ್ಕೆ ತಂದರು. ಮತ್ತೆ ಜಾರಿತು, ಮತ್ತೆ ತಂದರು. ನಾನು ಒರೆಸುವ ಬಟ್ಟೆ ಹಿಡಿದು ಹಿಂದೆಯೇ ನಿಂತಿದ್ದೆ.

"ನಿಲ್ಲು ಕಣಮ್ಮಿ," ಅಂದರು ಅಪ್ಪ, ಗಾಜಿಗೆ ಮುಖ ಹತ್ತಿರ ತಂದು. "ಒಂದ್ ಗಳ್ಗೆ ನಿಲ್ಲು."